ಸೈಡ್ ಎರಡು, ಅಂದರೆ ನಾಲ್ಕು

೧

ಈ ಕಥೆಯನ್ನು ಹಾಡಿನಿಂದ ಶುರು ಮಾಡಬೇಕೋ ಜಗಳದಿಂದಲೋ ಎಂಬುದು ಮೂರು ದಿನದಿಂದ ತೀರ್ಮಾನವಾಗಿಲ್ಲ. ಮೊದಲ ಕರಡಿನಲ್ಲಿ ಜಾಲಹಳ್ಳಿಯ ಕಾರ್ಖಾನೆಯ ಸೈರನ್ ಕೂಗುತ್ತಿತ್ತು. ಹೊಡೆದು ಹಾಕಿದೆ. ಸೈರನ್ನಿನಿಂದ ಶುರುವಾಗುವ ಕಥೆಗಳಲ್ಲಿ ನಾಲ್ಕನೇ ಪುಟಕ್ಕೆ ಮುಷ್ಕರ ಆಗಲೇಬೇಕು. ಇಲ್ಲಿ ಮುಷ್ಕರ ಇಲ್ಲ. ಎರಡನೇ ಕರಡಿನಲ್ಲಿ ಕೀರ್ತಿ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಹಳೆಯದನ್ನು ನೆನೆಯುತ್ತಿದ್ದಳು. ಹೆಬ್ಬಾಳದ ಫ್ಲೈಓವರ್ ಕೆಳಗೆ ಸಿಕ್ಕಿಕೊಂಡವರು ಯಾರೂ ಹಳೆಯದನ್ನು ನೆನೆಯುವುದಿಲ್ಲ, ಮುಂದಿನ ಬಸ್ಸು ಯಾಕೆ ಅಲ್ಲಾಡುತ್ತಿಲ್ಲ ಎಂದು ಯೋಚಿಸುತ್ತಾರೆ. ಅದನ್ನೂ ಹೊಡೆದೆ.

ಹಾಗಾಗಿ ಸುತ್ತಿ ಬಳಸದೆ ಹೇಳುತ್ತೇನೆ. ಇಬ್ಬರು ಮುದುಕರು ಒಂದು ಇಂಗ್ಲಿಷ್ ರಾಕ್ ಆಲ್ಬಂ ವಿಷಯಕ್ಕೆ ಮೂವತ್ತಮೂರು ವರ್ಷದಿಂದ ಮಾತು ಬಿಟ್ಟಿದ್ದಾರೆ. ಒಬ್ಬರು ಕೀರ್ತಿಯ ಕಾಕಾ ವೀರಬಸಪ್ಪ. ಇನ್ನೊಬ್ಬರು ಬಾಲರಾಜು. ತಪ್ಪು ಯಾರದು ಎಂಬುದು ಕೀರ್ತಿಗೆ ಗುರುವಾರ ಗೊತ್ತಾಯಿತು. ಭಾನುವಾರ ಅವರಿಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಲು ಅದಕ್ಕೂ ಮೊದಲೇ ಅವಳೇ ಏರ್ಪಾಡು ಮಾಡಿಬಿಟ್ಟಿದ್ದಳು. ಹೇಳಬೇಕೋ ಬೇಡವೋ, ಕಥೆ ಇಷ್ಟೇ.

(ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನೀವು ಈಗಾಗಲೇ ಕೂತಿದ್ದೀರಿ.)

೨

ಆಲ್ಬಂ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಫೋನಿನಲ್ಲಿ ಹುಡುಕಿ, ಎರಡು ಹಾಡು ಕೇಳಿ, ನಿಮ್ಮದೂ ಒಂದು ಅಭಿಪ್ರಾಯ ಹಿಡಿದುಕೊಂಡು ಬರುತ್ತೀರಿ. ಈ ಕಥೆಯಲ್ಲಿ ಅಭಿಪ್ರಾಯಗಳಿಗೇನೂ ಬರವಿಲ್ಲ. ಕವರಿನ ಮೇಲೆ ಖಾಲಿ ಪೆಟ್ರೋಲ್ ಬಂಕಿನ ಚಿತ್ರವಿರುವುದರಿಂದ ಇವರೆಲ್ಲ ಅದನ್ನು ‘ಬಂಕ್’ ಎನ್ನುತ್ತಾರೆ. ನಾವೂ ಹಾಗೇ ಅನ್ನೋಣ. ಎರಡು ಪ್ಲೇಟು, ನಾಲ್ಕು ಸೈಡು. ಒಂದು ಸೈಡಿನಲ್ಲಿ ಕಾಲು ಕುಣಿಯುವಂಥ ಹಾಡುಗಳಿವೆ. ಒಂದರಲ್ಲಿ ಅರ್ಧಕ್ಕೆ ಬಿಟ್ಟಂಥ ಚೂರುಪಾರುಗಳು. ಒಂದು ಬರೀ ಗದ್ದಲ: ಡ್ರಮ್ಮು, ಗಿಟಾರಿನ ಕಿರುಚಾಟ, ಕೊನೆಗೆ ಕರೆಂಟು ಹೋದ ಹಾಗೆ ತಟ್ಟನೆ ನಿಲುಗಡೆ. ಇನ್ನೊಂದರಲ್ಲಿ ಒಂದೇ ಹಾಡು, ಹದಿನೆಂಟು ನಿಮಿಷ, ನಿಧಾನವಾದ ಪಿಯಾನೋ.

ಯಾವುದಾದ ಮೇಲೆ ಯಾವುದು ಎಂಬುದೇ ಜಗಳ.

೩

೧೯೯೧ರಲ್ಲಿ ಇಬ್ಬರೂ ಜಾಲಹಳ್ಳಿಯ ಒಂದು ಕಾರ್ಖಾನೆಯಲ್ಲಿದ್ದರು. ಬಾಗಲಕೋಟೆ ಕಡೆಯ ವೀರಬಸಪ್ಪ ಇನ್‌ಸ್ಪೆಕ್ಷನ್ ವಿಭಾಗ. ತಯಾರಾದ ಮಾಲನ್ನು ಅಳೆದು ಪಾಸು ಮಾಡುವುದು ಅಥವಾ ತಿರಸ್ಕರಿಸುವುದು ಅವರ ಕೆಲಸ. ಬಾಲರಾಜು ಲೇತ್ ಆಪರೇಟರ್. ಯಲಹಂಕದ ಹಳೆಯ ಒಕ್ಕಲು ಮನೆತನ. ಒಂದೇ ಶನಿವಾರ, ಒಂದೇ ಅಂಗಡಿಯಲ್ಲಿ, ಇಬ್ಬರೂ ಒಂದೊಂದು ‘ಬಂಕ್’ ಕೊಂಡರು. ಸೋಮವಾರ ಕ್ಯಾಂಟೀನಿನಲ್ಲಿ ಭೇಟಿಯಾದರು.

‘ಕೊನೇ ಹಾಡು ಕೇಳ್ದಾ ಗುರು? ಜ್ವರ ಬಿಟ್ಟಂಗಾಯ್ತು ನಂಗೆ’ ಎಂದರು ಬಾಲರಾಜು.

‘ಕೊನೇದ್ರಾಗ ಹಾಡು ಎಲ್ಲೈತಿ? ಬರೀ ಗದ್ದಲ. ಅದಕ್ಕ ಚಲೋ ಐತಿ.’

‘ಗದ್ದಲ ಮೂರನೇದು ಕಣೋ. ಕೊನೇದು ಪಿಯಾನೋ.’

‘ಪಿಯಾನೋ ಎರಡನೇದು. ನಾಕರ ತನಕ ಎಣಸಾಕ ಬರ್ತೈತಿಲ್ಲೋ ನಿನಗ?’

‘ತಪ್ಪು ಹುಡುಕೋದೊಂದೇ ಗೊತ್ತು ನಿಂಗೆ. ಕಿವಿಗೂ ಮೈಕ್ರೋಮೀಟರ್ ಸಿಗಾಕ್ಕೊಂಡಿದ್ಯಾ?’

ಇಡೀ ಟೇಬಲ್ಲು ನಕ್ಕಿತು. ವೀರಬಸಪ್ಪ ಊಟ ಅರ್ಧಕ್ಕೆ ಬಿಟ್ಟು ಎದ್ದರು. (ಹಿಂದಿನ ವಾರ ಅವರು ಬಾಲರಾಜು ಕಡೆದ ನಲವತ್ತು ಶಾಫ್ಟುಗಳನ್ನು ತಿರಸ್ಕರಿಸಿದ್ದರು. ಇದನ್ನು ಬೇಕೆಂದೇ ಆವರಣದಲ್ಲಿ ಇಟ್ಟಿದ್ದೇನೆ. ಜಗಳಗಳ ನಿಜವಾದ ಕಾರಣ ಸಾಮಾನ್ಯವಾಗಿ ಆವರಣದಲ್ಲೇ ಇರುತ್ತದೆ.)

ಎರಡೂ ಪ್ಲೇಟುಗಳನ್ನು ತಂದು ಪಕ್ಕಪಕ್ಕ ಇಟ್ಟು ನೋಡಿದ್ದರೆ ಮುಗಿಯುತ್ತಿತ್ತಲ್ಲ ಎನ್ನುತ್ತೀರಿ. ಮುಗಿಯುತ್ತಿತ್ತು. ಅದಕ್ಕೆ ಒಬ್ಬರು ಇನ್ನೊಬ್ಬರ ಮನೆ ಬಾಗಿಲು ತಟ್ಟಬೇಕಿತ್ತು.

೪

ಕೀರ್ತಿ ಹತ್ತನೇ ವಯಸ್ಸಿನಿಂದ ಕಾಕಾನ ಮನೆಯಲ್ಲಿ ಬೆಳೆದವಳು. ಈಗ ಯಲಹಂಕದ ಒಂದು ಕಾಲೇಜಿನ ಲೈಬ್ರರಿಯಲ್ಲಿದ್ದಾಳೆ. ‘ಬಂಕ್’ ಅವಳಿಗೂ ಬಾಯಿಪಾಠ. ಕುಣಿತ, ಪಿಯಾನೋ, ಚೂರುಪಾರು, ಗದ್ದಲ. ‘ಇವ್ರು ಸಮಾಧಾನ ಮೊದಲ ಹೇಳಿ ಮುಗಿಸ್ತಾರ, ಆಮ್ಯಾಲ ಖರೇ ಹೇಳ್ತಾರ. ಎದಿ ಬೇಕು ಹಂಗ ಮಾಡಾಕ’ ಎಂದು ಕಾಕಾ ಹೇಳುತ್ತಿದ್ದರು. ಅವಳು ನಂಬಿದ್ದಳು.

ಆರ್.ಟಿ. ನಗರದಲ್ಲಿ ಆಂಪ್ಲಿಫೈಯರ್ ರಿಪೇರಿ ಮಾಡುವ ಜೀಷಾನ್ ಅವಳ ಗೆಳೆಯ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಅವನ ಮನೆಯ ಮೊದಲ ಮಹಡಿಯಲ್ಲಿ ನಾಲ್ಕೈದು ಜನ ಸೇರಿ ಒಂದು ಪೂರ್ತಿ ಆಲ್ಬಂ ಕೇಳುತ್ತಾರೆ. ಈ ಸಲ ‘ಬಂಕ್’, ಕೀರ್ತಿ ಕಾಕಾನನ್ನೂ ಬಾಲರಾಜುವನ್ನೂ ಕರೆದಿದ್ದಳು. ಗುರುವಾರ ಕೀರ್ತಿ ಕಾಕಾನ ಪ್ಲೇಟುಗಳನ್ನು ತೊಳೆಯಲು ಅವನಿಗೆ ಕೊಟ್ಟಳು.

‘ಯಾರ್ ಗುರು ಇದ್ರ ಮೇಲೆ ಸ್ಟಿಕ್ಕರ್ ಅಂಟ್ಸಿರೋದು?’ ಎಂದ.

ನಾಲ್ಕೂ ಸೈಡುಗಳ ಲೇಬಲ್ ಮೇಲೆ ದುಂಡನೆಯ ಹಸಿರು ಸ್ಟಿಕ್ಕರ್‌ಗಳಿದ್ದವು. ಕಾರ್ಖಾನೆಯಲ್ಲಿ ಪಾಸಾದ ಮಾಲಿಗೆ ಅಂಟಿಸುವಂಥವು. ಪ್ರತಿಯೊಂದರ ಮೇಲೂ ಕಾಕಾನ ಮುದ್ದಾದ ಅಂಕಿ, ಕೆಳಗೆ ಚಿಕ್ಕ ರುಜು.

‘ಕಾಕಾ. ಕಂಪನಿಯವರು ನಂಬರ್ ತಪ್ಪು ಹಾಕಿದ್ರಂತೆ. ಒಂದರ ಹಿಂದೆ ನಾಲ್ಕು, ಎರಡರ ಹಿಂದೆ ಮೂರು ಅಂತ ಇತ್ತಂತೆ. ಸರಿ ಮಾಡಿದಾರೆ.’

ಜೀಷಾನ್ ಬಟ್ಟೆ ಕೆಳಗಿಟ್ಟ. ‘ಅದು ತಪ್ಪಲ್ಲ ಕಣೇ. ಆಗ ಹಂಗೇ ಬರ್ತಿದ್ದಿದ್ದು.’

ಅವನು ಹೇಳಿದ್ದು ಇಷ್ಟು. ಆಗಿನ ಕೆಲವು ಪ್ಲೇಯರ್‌ಗಳಲ್ಲಿ ಎರಡು ಪ್ಲೇಟುಗಳನ್ನು ಒಟ್ಟಿಗೆ ಮೇಲೆ ಸಿಕ್ಕಿಸಿಡಬಹುದಿತ್ತು. ಮೊದಲನೆಯದು ಮುಗಿದರೆ ಎರಡನೆಯದು ತಾನಾಗಿ ಅದರ ಮೇಲೆ ಬೀಳುತ್ತಿತ್ತು. ಸೈಡ್ ಒಂದು, ಸೈಡ್ ಎರಡು. ಆಮೇಲೆ ಎರಡನ್ನೂ ಒಟ್ಟಿಗೆ ಮಗುಚಿ ಹಾಕಿದರೆ ಮೂರು, ನಾಲ್ಕು. ಬಾಲರಾಜು ಮನೆಯಲ್ಲಿದ್ದದ್ದು ಅಂಥ ಪ್ಲೇಯರ್. ಕಾಕಾನದು ಒಂದೊಂದೇ ಪ್ಲೇಟು ಹಾಕುವಂಥದ್ದು, ಒಂದು ಮುಗಿದು ಅದನ್ನೇ ಮಗುಚಿದರೆ ನಾಲ್ಕು ಬರುತ್ತಿತ್ತು. ಕಂಪನಿ ಸರಿಯಾಗಿಯೇ ಅಚ್ಚು ಹಾಕಿತ್ತು. ಇನ್‌ಸ್ಪೆಕ್ಟರ್ ಅದನ್ನು ತಿದ್ದಿ, ತಪ್ಪು ಮಾಡಿ, ಪಾಸು ಮಾಡಿದ್ದರು.

ಸರ್ವಿಸಿನುದ್ದಕ್ಕೂ ತನ್ನ ಕೈಯಿಂದ ಒಂದೂ ತಪ್ಪು ಮಾಲು ಹೊರಗೆ ಹೋಗಿಲ್ಲ ಎಂಬುದು ವೀರಬಸಪ್ಪನವರು ಮದುವೆ, ಮುಂಜಿ, ಬಸ್ ಸ್ಟಾಪು, ಎಲ್ಲೆಡೆ ಹೇಳುವ ಮಾತು. ಅವರಿಗೆ ಅರವತ್ತೊಂಬತ್ತು. ಹೇಳಿಕೊಳ್ಳಲು ಬೇರೆ ಮಾತಿಲ್ಲ.

೫

ಮೂರನೇ ಕರಡು. ಶುಕ್ರವಾರ ಕೀರ್ತಿ ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು ಎಂದು ಬರೆದೆ.

‘ನಾನ್ಯಾಕೆ ಅಳಲಿ?’ ಎಂದಳು ಕೀರ್ತಿ.

ನಿನಗೆ ಮನಸ್ಸಿನಲ್ಲಿ ತುಮುಲ ಇದೆ, ಅದು ಓದುಗರಿಗೆ ಕಾಣಬೇಕು ಎಂದೆ.

‘ತುಮುಲ ಏನೂ ಇಲ್ಲ. ಸಿಟ್ಟಿದೆ. ಹದಿನೆಂಟು ವರ್ಷ ನಾನೂ ತಪ್ಪು ಆಲ್ಬಂ ಕೇಳಿದ್ದೀನಿ. ಅದನ್ನ ಬರಿ.’

ಹಾಗಾದರೆ ಹೇಳಿಬಿಡು.

‘ಹೇಳಿದ್ರೆ ಕಾಕಾ ಭಾನುವಾರ ಬರಲ್ಲ. ಹೇಳದಿದ್ರೆ ಬಾಲರಾಜು ಅಂಕಲ್ ಎಲ್ಲರ ಮುಂದೆ ಹೇಳ್ತಾರೆ. ನಿಂಗೆ ಬರೆಯೋದಷ್ಟೇ ತಾನೇ? ಸುಲಭ.’

ಶನಿವಾರಕ್ಕೆ ಅವಳನ್ನು ಸುಮ್ಮನೆ ಬಿಟ್ಟೆ. ಬಟ್ಟೆ ಒಗೆದಳು.

೬

ಭಾನುವಾರ ಹನ್ನೊಂದು ಗಂಟೆ. ಬಾಲರಾಜು ದೊಡ್ಡ ಕಾರಿನಲ್ಲಿ ಬಂದರು. ಈಗ ಅವರಿಗೆ ಯಲಹಂಕದಲ್ಲಿ ತಾಯಿಯ ಹೆಸರಿನ ಎರಡು ಅಪಾರ್ಟ್‌ಮೆಂಟುಗಳಿವೆ. ಇಬ್ಬರೂ ಒಬ್ಬರಿಗೊಬ್ಬರು ತಲೆಯಾಡಿಸಿದರು, ಬ್ಯಾಂಕಿನ ಕ್ಯೂನಲ್ಲಿ ಅಪರಿಚಿತರು ಆಡಿಸುವ ಹಾಗೆ. ಜೀಷಾನನ ತಾಯಿ ಸಬೀರಾ ಟೀ ತಂದಿಟ್ಟರು.

ಸೈಡ್ ಒಂದು ನಡೆಯುತ್ತಿದ್ದಾಗ ಜೀಷಾನ್ ಬಾಯಿಬಿಟ್ಟ. ‘ನನ್ ಕೇಳಿದ್ರೆ ಇದ್ರಲ್ಲಿ ಅರ್ಧ ವೇಸ್ಟು. ಒಂದೇ ಪ್ಲೇಟಿಗೆ ಇಳಿಸ್ಬೋದಿತ್ತು. ನಾನು ಫೋನಲ್ಲಿ ಆರೇ ಹಾಡು ಇಟ್ಕೊಂಡಿದೀನಿ.’

‘ಯಾವ ಅರ್ಧ?’ ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಒಟ್ಟಿಗೇ ಟೀ ಲೋಟ ಎತ್ತಿದರು.

‘ನಂಗಂತೂ ಎಲ್ಲಾ ಒಂದೇ ಥರ ಕೇಳುತ್ತೆ’ ಎಂದು ಸಬೀರಾ ಲೋಟಗಳನ್ನು ಎತ್ತಿಕೊಂಡು ಹೋದರು. (ನಿಷ್ಪಕ್ಷಪಾತವಾದ ಏಕೈಕ ವಿಮರ್ಶೆ.)

ಸೈಡ್ ಮುಗಿಯಿತು. ಕೀರ್ತಿ ಎದ್ದು ಪ್ಲೇಟು ಕೈಗೆತ್ತಿಕೊಂಡಳು. ಮಗುಚಿ ಹಾಕಿದರೆ ಪಿಯಾನೋ ಬರುತ್ತದೆ, ಪಿಯಾನೋ ಬಂದರೆ ಬಾಲರಾಜು ಮಾತಾಡುತ್ತಾರೆ. ಅವಳು ಬಳಸಿದ್ದು ಮೂರೇ ಪದ.

‘ಕಾಕಾ, ಸ್ಟಿಕ್ಕರ್ ತಪ್ಪು.’

ಆಮೇಲೆ ಜೀಷಾನ್ ಹೇಳಿದ್ದನ್ನೆಲ್ಲ ಹೇಳಿದಳು. ಕಾಕಾ ಕೈಚಾಚಿ ಪ್ಲೇಟು ಇಸಿದುಕೊಂಡರು, ಕನ್ನಡಕ ಹಾಕಿದರು, ಎರಡು ಎಂದು ಬರೆದಿದ್ದ ಸ್ಟಿಕ್ಕರನ್ನು ಹೆಬ್ಬೆರಳ ಉಗುರಿನಿಂದ ಎಬ್ಬಿಸಿದರು. ಅದು ಪುಡಿಪುಡಿಯಾಗಿ ಬಂತು. ಕೆಳಗೆ ಅಚ್ಚಾಗಿದ್ದ ನಾಲ್ಕು ಚೆನ್ನಾಗಿಯೇ ಕಾಣುತ್ತಿತ್ತು.

‘ಕಂಪನಿ ಬರೋಬ್ಬರಿ ಹಾಕಿತ್ತು.’

‘ಹೂಂ’ ಎಂದಳು ಕೀರ್ತಿ.

‘ನಾ ತಿದ್ದಿದೆ.’

೭

ಇಲ್ಲಿಗೆ ಎರಡು ಅಂತ್ಯಗಳು ಸಿದ್ಧವಾಗಿದ್ದವು.

ಅ) ಬಾಲರಾಜು ಎದ್ದು ಬಂದು ಗೆಳೆಯನ ಹೆಗಲು ತಬ್ಬುತ್ತಾರೆ. ಹೊರಗೆ ಹೊಂಗೆ ಮರ ಅಲುಗುತ್ತದೆ. (ಆ ರಸ್ತೆಯಲ್ಲಿ ಮರವೇ ಇಲ್ಲ, ಟ್ರಾನ್ಸ್‌ಫಾರ್ಮರ್ ಇದೆ.)

ಆ) ಸರಿಯಾದ ಕ್ರಮದಲ್ಲಿ ಕೇಳಿದ ವೀರಬಸಪ್ಪ ‘ನೀನು ಹೇಳಿದ್ದೇ ಖರೇ’ ಎನ್ನುತ್ತಾರೆ, ತಪ್ಪು ಕ್ರಮದಲ್ಲಿ ಕೇಳಿದ ಬಾಲರಾಜು ‘ಇಲ್ಲಪ್ಪಾ, ನಿಂದೇ ಚೆನ್ನಾಗಿದೆ’ ಎನ್ನುತ್ತಾರೆ, ಜಗಳ ಹೊಸದಾಗಿ ಶುರು. ಕಾಲೇಜು ಡೇಗೆ ಆಡಬಹುದಾದ ಅಂತ್ಯ. ಚಪ್ಪಾಳೆ ಖಾತ್ರಿ.

ಆದದ್ದು ಬೇರೆ. ಬಾಲರಾಜು ತಮ್ಮ ವಾಚಿನ ಪಟ್ಟಿ ಸಡಿಲಿಸಿಕೊಂಡು, ‘ನಂಗೊತ್ತಿತ್ತು’ ಎಂದರು.

ಮೊಣಕೈ ಮಂಡಿಗೂರಿ ಅವರೇ ಮುಂದುವರಿಸಿದರು.

‘ತೊಂಬತ್ತಾರರಲ್ಲಿ ನನ್ ಪ್ಲೇಯರ್ ಕೆಟ್ಟೋಯ್ತು. ಯಶವಂತಪುರದಲ್ಲಿ ಸಾದಾ ಪ್ಲೇಯರ್ ಒಂದು ತಗೊಂಡೆ. ಪ್ಲೇಟ್ ಮಗುಚಿದ್ರೆ ಪಿಯಾನೋ ಬಂತು. ಆಗ್ಲೇ ಗೊತ್ತಾಯ್ತು, ಬಸಪ್ಪ ಇಂಗೆ ಕೇಳ್ತಾವ್ನೆ ಅಂತ.’

‘ಇಪ್ಪತ್ತೆಂಟು ವರ್ಷ ಆತು’ ಎಂದರು ವೀರಬಸಪ್ಪ. ಬಾಲರಾಜುಗೆ ಅವರಾಡಿದ ಮೊದಲ ಮಾತು ಅದು. ‘ನನ್ನ ತಪ್ಪು ಕಿಸೇದಾಗ ಇಟ್ಕೊಂಡು ಅಡ್ಡಾಡಿದಿ.’

‘ಹೇಳೋಕೆ ಅಂತ ಒಂದ್ಸಲ ನಿನ್ ಕ್ವಾರ್ಟರ್ಸ್ ಗೇಟ್ ತಂಕ ಬಂದಿದ್ದೆ. ಒಳಗೆ ಅದೇ ಓಡ್ತಿತ್ತು. ಗದ್ದಲದ್ದು. ನೀನೂ ಜತೇಲಿ ಮೇಜು ಕುಟ್ತಿದ್ದೆ. ಹೇಳಿದ್ರೆ ಆಮೇಲೆ ನೀನ್ ಆ ಪ್ಲೇಟ್ ಮುಟ್ತಿದ್ಯಾ?’

‘ಮುಟ್ತಿದ್ದಿಲ್ಲ.’

‘ಅದಕ್ಕೇ ವಾಪಸ್ ಹೋದೆ.’

‘ಅದಕ್ಕೋ, ನಲವತ್ತು ಶಾಫ್ಟಿಗೋ?’

ಬಾಲರಾಜು ಸಡಿಲಿಸಿದ್ದ ವಾಚಿನ ಪಟ್ಟಿಯನ್ನು ಮತ್ತೆ ಬಿಗಿದುಕೊಂಡರು.

೮

ಬಾಲರಾಜು ಹೇಳದೆ ವಾಪಸ್ ಹೋದದ್ದನ್ನು ಜೀಷಾನ್ ದೊಡ್ಡ ಮನಸ್ಸು ಎನ್ನುತ್ತಾನೆ. ಕೀರ್ತಿ ಇದನ್ನು ಸೇಡು ಎನ್ನುತ್ತಾಳೆ. ಅದೂ ಒಂದು ರೂಪಾಯಿ ಖರ್ಚಿಲ್ಲದ, ಪ್ರತಿದಿನ ಮನೆಯಲ್ಲೇ ಕೂತು ಅನುಭವಿಸಬಹುದಾದ ಸೇಡು. ನನ್ನ ಅಭಿಪ್ರಾಯ ಕೇಳಬೇಡಿ. ಬಾಲರಾಜು ಗೇಟಿನಿಂದ ವಾಪಸ್ ಹೋದರು ಎಂಬುದಷ್ಟೇ ನನಗೆ ಗೊತ್ತು. ಹೋಗುವಾಗ ಅವರ ಮುಖ ಹೇಗಿತ್ತು ಎಂದು ಬರೆದರೆ ನಾನೂ ಒಂದು ಹಸಿರು ಸ್ಟಿಕ್ಕರ್ ಅಂಟಿಸಿದಂತೆ.

‘ಏನಾದ್ರೂ ಬರಿ, ಕಾಕಾನ ಸೋತವರ ಥರ ತೋರಿಸ್ಬೇಡ’ ಎಂದಳು ಕೀರ್ತಿ.

ಹಾಗಾಗಿ ಕಂಡದ್ದಷ್ಟನ್ನು ಬರೆಯುತ್ತೇನೆ. ವೀರಬಸಪ್ಪ ತೊಡೆಯ ಮೇಲೆ ಬಿದ್ದಿದ್ದ ಸ್ಟಿಕ್ಕರಿನ ಪುಡಿಯನ್ನು ಅಂಗೈಗೆ ಕೂಡಿಸಿಕೊಂಡು ಜೇಬಿಗೆ ಹಾಕಿದರು. ಕನ್ನಡಕ ತೆಗೆದರು. ಪ್ಲೇಟು ಕೈಯಲ್ಲೇ ಇತ್ತು, ಅಂಚು ಹಿಡಿದು, ಹಿಡಿಯಬೇಕಾದ ರೀತಿಯಲ್ಲಿ. ಮಂಡಿಯ ಮೇಲೆ ಕೈಯೂರಿ ಎದ್ದರು. ಬಾಲರಾಜು ತಮ್ಮ ಕಾಲು ಹಿಂದಕ್ಕೆಳೆದುಕೊಂಡು ದಾರಿ ಬಿಟ್ಟರು.

ಜೀಷಾನನ ಕೋಣೆ ಚಿಕ್ಕದು. ಪ್ಲೇಯರ್ ಇರುವುದೂ ಬಾಗಿಲು ಇರುವುದೂ ಒಂದೇ ಗೋಡೆಯಲ್ಲಿ, ನಡುವೆ ಎರಡು ಅಡಿ. ವೀರಬಸಪ್ಪ ಆ ಕಡೆಗೆ ನಡೆದರು.