ಹೊಟ್ಟೆಯೊಳಗಿನ ಆಲೂಗೆಡ್ಡೆ

ನಗುವುದಿದ್ದರೆ ಈಗಲೇ ನಕ್ಕು ಮುಗಿಸಿ. ನಡುವೆ ಯಾರಾದರೂ ಕಿಸಕ್ಕೆಂದರೆ ನಾನು ಕಥೆ ನಿಲ್ಲಿಸಿ ಎದ್ದು ಹೋಗುತ್ತೇನೆ. ನನ್ನ ಹೊಟ್ಟೆಯೊಳಗೆ ಒಂದು ಆಲೂಗೆಡ್ಡೆ ಮಾತಾಡಿತ್ತು. ಇದು ಸತ್ಯ.

ಆಗ ನನಗೆ ಒಂಬತ್ತು ವರ್ಷ, ಸಾವಿರದ ಒಂಬೈನೂರ ಐವತ್ತೆಂಟನೇ ಇಸವಿ, ಊರು ಚನ್ನರಾಯಪಟ್ಟಣ. ನಾವು ಜೈನರು. ಮಣ್ಣಿನೊಳಗೆ ಬೆಳೆಯುವ ಗೆಡ್ಡೆಗಳನ್ನು ನಮ್ಮ ಮನೆಯಲ್ಲಿ ತಿನ್ನುವುದಿಲ್ಲ. ಒಂದು ಗೆಡ್ಡೆ ಕಿತ್ತರೆ ಎಷ್ಟೋ ಸಣ್ಣ ಜೀವಗಳು ಸಾಯುತ್ತವೆ ಎನ್ನುತ್ತಿದ್ದರು ನನ್ನ ಅಜ್ಜಿ ಅನಂತಮ್ಮ. ಆದರೆ ಊರ ಸುತ್ತ ಹೊಲದ ತುಂಬ ಆಲೂಗೆಡ್ಡೆ, ಸಂತೆಯ ತುಂಬ ಆಲೂಗೆಡ್ಡೆ. ನಾನೇನು ಕಲ್ಲಿನ ಗೊಂಬೆಯೇ?

ನನ್ನ ಗೆಳತಿ ಹೊನ್ನಕ್ಕ ಒಂದು ದಿನ ಕೆಂಡದಲ್ಲಿ ಸುಟ್ಟ ಆಲೂಗೆಡ್ಡೆಯನ್ನು ಲಂಗದ ಮಡಿಲಲ್ಲಿ ಕಟ್ಟಿಕೊಂಡು ಸ್ಕೂಲಿಗೆ ಬಂದಳು. ನಾನು ಕೈ ಚಾಚಿದೆ.

"ಬ್ಯಾಡ ಕಣೇ ಮಾಲಿನಿ. ನಿಮ್ಮನೇಲಿ ತಿನ್ನಾಕಿಲ್ವಲ್ಲ," ಎಂದು ಹೊನ್ನಕ್ಕ ಮಡಿಲು ಮುಚ್ಚಿಕೊಂಡಳು.

ನಾನು ಕಿತ್ತುಕೊಂಡು ತಿಂದೆ. ಸಿಪ್ಪೆಯನ್ನೂ ಬಿಡಲಿಲ್ಲ.

ಸಂಜೆ ಹೊತ್ತು ಮುಳುಗುವ ಮೊದಲೇ ನಮ್ಮ ಮನೆಯಲ್ಲಿ ಊಟ. ಅಜ್ಜಿ ಅನ್ನದ ಮೇಲೆ ತೊವ್ವೆ ಬಡಿಸಿದರು. ಮೊದಲ ತುತ್ತು ಇಳಿದದ್ದೇ ತಡ, ಹೊಟ್ಟೆಯೊಳಗಿಂದ ಗಡಸು ದನಿ ಬಂತು.

"ಯಾರ್ಲಾ ಅದು, ಮೇಲಿಂದ ಬಿಸಿಬಿಸಿ ತೊವ್ವೆ ಸುರೀತಿರೋದು? ವಸಿ ನಿಧಾನ."

ಅಗಿದು ನುಂಗಿದ ಗೆಡ್ಡೆ ಅದು ಹೇಗೆ ಮಾತಾಡಿತು ಎಂದು ನನ್ನನ್ನು ಕೇಳಬೇಡಿ. ಕೇಳುವುದಿದ್ದರೆ ಆಲೂಗೆಡ್ಡೆಯನ್ನೇ ಕೇಳಿ. ಅಜ್ಜಿಯ ಸೌಟು ಅರ್ಧದಲ್ಲೇ ನಿಂತಿತು.

"ಯಾರೇ ಅದು ಮಾತಾಡಿದ್ದು?"

"ಬಿಕ್ಕಳಿಕೆ, ಅಜ್ಜಿ," ಎಂದೆ.

"ಬಿಕ್ಕಳಿಕೆ ಅಲ್ಲ ಕಣಜ್ಜಿ, ಆಲೂಗೆಡ್ಡೆ," ಎಂದಿತು ಅದು. "ಬೂವನಹಳ್ಳಿ ಹೊಲದ್ದು."

ಅಜ್ಜಿ ಸೌಟು ಕೆಳಗಿಟ್ಟರು. ಬಯ್ಯಲಿಲ್ಲ. ಬಯ್ದಿದ್ದರೆ ಒಳ್ಳೆಯದಿತ್ತು. ಅವರ ಮುಖ ಸಣ್ಣಗಾಯಿತು. ಅದನ್ನು ನೋಡಲಾರದೆ ನನ್ನ ಬಾಯಿಂದ ಸುಳ್ಳು ಜಾರಿತು.

"ನಾನು ಬೇಡ ಅಂದೆ ಅಜ್ಜಿ. ಹೊನ್ನಕ್ಕನೇ ಬಲವಂತವಾಗಿ ಬಾಯಿಗೆ ತುರುಕಿದಳು."

ಆಲೂಗೆಡ್ಡೆ ಇದಕ್ಕಾದರೂ ಬಾಯಿ ಹಾಕುತ್ತದೆ ಎಂದುಕೊಂಡೆ. ಬೇಕಾದಾಗ ಅದು ಗಪ್‌ಚಿಪ್. "ಇನ್ನು ಆ ಹುಡುಗಿ ಜೊತೆ ನಿನ್ನ ಸಹವಾಸ ಬೇಡ," ಎಂದರು ಅಜ್ಜಿ.

ಬೆಳಿಗ್ಗೆ ಎಂದಿನಂತೆ ಹೊನ್ನಕ್ಕ ನನ್ನನ್ನು ಸ್ಕೂಲಿಗೆ ಕರೆಯಲು ಬಂದಳು. ಅಜ್ಜಿ ಜಗುಲಿಯಲ್ಲೇ ತಡೆದರು.

"ನಮ್ಮ ಮಗು ಬೇಡ ಅಂದರೂ ಬಾಯಿಗೆ ಗೆಡ್ಡೆ ತುರುಕಿದೆಯಂತೆ. ಹೌದೇನಮ್ಮ?"

ಹೊನ್ನಕ್ಕ ಒಂದು ಸಲ ನನ್ನ ಮುಖ ನೋಡಿದಳು. ನಾನು ಬಾಗಿಲ ಹಿಂದೆ ಸರಿದೆ.

"ಊಂ ಕಣಜ್ಜಿ, ನಾನೇಯಾ. ತಪ್ಪಾಯ್ತು. ಅವಳ್ನ ಒಡೀಬ್ಯಾಡಿ."

ಅಷ್ಟು ಹೇಳಿ ಮಡಿಲಿನಿಂದ ಸುಲಿದ ಅವರೆಕಾಳು ತೆಗೆದು ಜಗುಲಿಯ ಅಂಚಿನಲ್ಲಿಟ್ಟಳು. "ಇದು ಗಿಡದ ಮ್ಯಾಲೆ ಬಿಡೋದು ಕಣಜ್ಜಿ, ಮಣ್ಣೊಳಗಲ್ಲ. ಅವಳಿಗೆ ಅಂತ ಸುಲ್ಕೊಂಡ್ ಬಂದಿದ್ದೆ."

ನೆಲ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿ ನಾನೂ ಒಂದು ಗೆಡ್ಡೆಯಾಗಿ ಕೂತುಬಿಡುತ್ತಿದ್ದೆ. ಅವಳು ಆಗಲೇ ಬೀದಿಗೆ ಇಳಿಯುತ್ತಿದ್ದಳು.

"ನಿಜ ಏಳವ್ವ," ಎಂದಿತು ಆಲೂಗೆಡ್ಡೆ ಮೆಲ್ಲಗೆ. "ಇದ್ನ ನಾನ್ ಏಳಾಕಾಗಕಿಲ್ಲ. ನೀನೇ ಏಳ್ಬೇಕು."

ನಾನು ಹೊರಗೆ ಬಂದೆ. "ಅಜ್ಜಿ, ಅವಳು ಬೇಡ ಅಂದಳು. ನಾನೇ ಕಿತ್ಕೊಂಡು ತಿಂದೆ. ನಿನ್ನೆ ಹೇಳಿದ್ದು ಸುಳ್ಳು." ಇಷ್ಟು ಹೇಳುವಷ್ಟರಲ್ಲಿ ಮೂಗು, ಕಣ್ಣು ಎರಡೂ ಸುರಿಯುತ್ತಿದ್ದವು.

ಅಜ್ಜಿ ನನ್ನತ್ತ ನೋಡಲೇ ಇಲ್ಲ. ಬೀದಿಗಿಳಿದು ಹೊನ್ನಕ್ಕನ ಕೈ ಹಿಡಿದರು. "ತಪ್ಪು ನನ್ನದು, ಮಗಾ. ಇವಳ ಮಾತು ನಂಬಿ ಅಂದುಬಿಟ್ಟೆ," ಎಂದು ಅವಳನ್ನು ಒಳಗೆ ಕರೆತಂದು, ನನಗೆಂದು ಹುಯ್ದಿದ್ದ ದೋಸೆಯನ್ನು ಬೆಣ್ಣೆ ಹಾಕಿ ಅವಳ ಮುಂದಿಟ್ಟರು. ನನಗೆ ಏನೂ ಇಡಲಿಲ್ಲ. ನಾನು ಕಂಬದ ಪಕ್ಕ ನಿಂತೆ. ಕೇಳುವ ಮುಖ ಎಲ್ಲಿತ್ತು ನನಗೆ?

ಹೊನ್ನಕ್ಕ ದೋಸೆ ಮುರಿದು ದೊಡ್ಡ ಚೂರನ್ನು ನನ್ನ ಕಡೆ ಚಾಚಿದಳು. "ಬಾರೇ, ತಿನ್ನು. ಒತ್ತಾಯ್ತು, ಬೆಲ್ ಒಡೀತದೆ."

ನಾನು ಅವಳ ಕೈಯಿಂದ ಈಸಿಕೊಂಡೆ. ಈ ಸಲ ಕಿತ್ತುಕೊಳ್ಳಲಿಲ್ಲ. ತುತ್ತು ನುಂಗಿದೆ. ಆಲೂಗೆಡ್ಡೆ ಏನಾದರೂ ಅಂದೀತು ಎಂದು ಕಾದೆ. ಅದು ಆಮೇಲೆ ಯಾವತ್ತೂ ಮಾತಾಡಲಿಲ್ಲ.