ಮುದಕವ್ವನ ಎಡಗೈ

ಗುರುಸಿದ್ದವ್ವ ಮೂರನೆಯ ಸಲ ತಂಬಿಗೆಯನ್ನು ಅತ್ತೆಯ ತುಟಿಗೆ ಹಿಡಿದಳು. ಮೂರನೆಯ ಸಲವೂ ಮುದಕವ್ವ ಹಲ್ಲು ಕಚ್ಚಿದಳು. ನೀರು ಗದ್ದದಿಂದ ಇಳಿದು ಸೀರೆ ತೊಯ್ಯಿತು.

“ಪೂಜಿ ಆಗಿಲ್ಲ,” ಎಂದಳು ಮುದುಕಿ. ಬಾಯಿ ಸೊಟ್ಟಗಾಗಿ ಮಾತು ತೊದಲುತ್ತಿದ್ದರೂ ಹಟ ಮಾತ್ರ ನೆಟ್ಟಗಿತ್ತು.

ಮೊನ್ನೆ ಲಕ್ವಾ ಹೊಡೆದು ಅವಳ ಎಡಗೈ ಬಿದ್ದುಹೋಗಿತ್ತು. ಇಷ್ಟಲಿಂಗ ಕೂರಬೇಕಾದದ್ದು ಆ ಅಂಗೈಯಲ್ಲೇ. ಬಲಗೈ ನೀರೆರೆಯಬೇಕು, ವಿಭೂತಿ ಹಚ್ಚಬೇಕು. ಲಿಂಗಕ್ಕೆ ಎರೆಯದೆ ತಾನು ನೀರು ಮುಟ್ಟುವ ಹೆಂಗಸಲ್ಲ ಮುದಕವ್ವ. ಮಣೆಯ ಮೇಲಿಟ್ಟು ಪೂಜಿಸಿರಿ ಎಂದರೆ, “ಅಂಗೈಯಾಗಿನ ದೇವ್ರನ್ನ ಕೆಳಗ ಇಳಸ್ಲೇನ?” ಎಂದು ಮುಖ ತಿರುಗಿಸಿದ್ದಳು. ಗಂಟಲಿಗೆ ನೀರಿಳಿಯದೆ ಎರಡು ದಿನವಾಯಿತು. ಹಳಿಯಾಳದ ಬಿಸಿಲೋ, ಕೇಳುವುದೇ ಬೇಡ.

ಪಕ್ಕದ ಮನೆಯ ದೌಲತಬಿ ಹೊಸ್ತಿಲಲ್ಲಿ ನಿಂತು ನೋಡಿದಳು. “ಮುದುಕಿ ಸಂಜೀತನಕ ತಡ್ಯಾಂಗಿಲ್ಲ. ಮೂಗ ಹಿಡದು ಬಾಯಾಗ ನೀರ ಹಾಕಿಬಿಡವಾ. ಪಾಪ ಬಂದ್ರ ನನ್ನ ಮ್ಯಾಲಿರ್ಲಿ,” ಎಂದು ಕಣ್ಣೊರೆಸಿಕೊಂಡು ಹೋದಳು.

ಗುರುಸಿದ್ದವ್ವನಿಗೆ ಅಳುವಿಗಿಂತ ಸಿಟ್ಟೇ ಮೊದಲು ಬಂತು. ಎಂಥ ದೇವರು, ಎಂಥ ಪೂಜೆ! ಗಂಡ ಕರಿಬಸಪ್ಪ ಆ ದಿನವೂ ಪೂಜೆ ಮುಗಿಸಿಯೇ ಬಂಡಿ ಹೂಡಿದ್ದ. ಕುಳಗಿಯ ಕಾಡಿನಲ್ಲಿ ದಿಮ್ಮಿ ಹೇರುವಾಗ ಒಂದು ಉರುಳಿ ಅವನ ಎದೆಯ ಮೇಲೆ ಬಿತ್ತು. ಅವನು ಹೋಗಿ ಮೂರು ತಿಂಗಳಾಯಿತು. ಆಮೇಲೆ ಹದಿನೈದು ದಿನ ಅವಳು ತನ್ನ ಅಂಗೈಯ ಲಿಂಗ ನೋಡುತ್ತ ಕೂತಳು. ಕಲ್ಲು ಕಲ್ಲಾಗಿಯೇ ಇತ್ತು. ಹದಿನಾರನೆಯ ದಿನ ಪೂಜೆ ಬಿಟ್ಟೇಬಿಟ್ಟಳು. ಅತ್ತೆ ನೊಂದಾಳೆಂದು ಹಣೆಗೆ ವಿಭೂತಿ ಎಳೆದುಕೊಂಡು ಉಣ್ಣುತ್ತಿದ್ದಳು. ಈಗ ಅತ್ತೆಯೂ ಹೋದರೆ ‘ಉಂಡೆಯಾ’ ಎಂದು ಕೇಳುವವರೂ ಇಲ್ಲ.

ತಂಬಿಗೆ ಕೆಳಗಿಟ್ಟಳು. “ಕೈ ತರ್ರಿ ಇಲ್ಲೆ.”

ಬಿದ್ದ ಕೈಯನ್ನೆತ್ತಿ ತನ್ನ ಎಡ ಅಂಗೈಯ ಮೇಲಿಟ್ಟುಕೊಂಡು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೈ ನಾದಿದ ಹಿಟ್ಟಿನ ಹಾಗೆ ಭಾರವಾಗಿತ್ತು. ಮುದಕವ್ವ ಬಲಗೈಯಿಂದ ಲಿಂಗ ತೆಗೆದು ಅದರ ಮೇಲಿಟ್ಟಳು. ಅದು ಜಾರಿತು. ಗುರುಸಿದ್ದವ್ವ ಕೆಳಗಿನಿಂದ ತನ್ನ ಕೈಯನ್ನು ಬೊಗಸೆಯ ಹಾಗೆ ಬಾಗಿಸಿದಳು. ಆಗ ನಿಂತಿತು.

ಮುದುಕಿ ನೀರೆರೆದಳು. ನೀರು ಅವಳ ಬೆರಳಸಂದಿಯಿಂದ ಸೊಸೆಯ ಅಂಗೈಗೆ ಇಳಿಯಿತು.

“ಅತ್ತೀ, ನಿಮಗ ಏನರ ಕಾಣಸ್ತೈತೇನ್ರಿ ಅದರಾಗ?”

ಮುದಕವ್ವ ಲಿಂಗದಿಂದ ಕಣ್ಣು ಕೀಳಲಿಲ್ಲ. “ಇಲ್ಲ. ನನ್ನ ಮಗಾ ಹೋದಾಗಿಂದ ಏನೂ ಇಲ್ಲ.”

“ಮತ್ತ ಯಾಕ ಹಿಂಗ ಸಾಯಾಕತ್ತೀರಿ?”

“ಬಾಗ್ಲಾ ತಗೀಲಿಲ್ಲಂತ ಹೊಳ್ಳಿ ಎಲ್ಲಿಗಿ ಹೋಗ್ಲಿ? ಬ್ಯಾರೆ ಮನಿ ಗೊತ್ತಿಲ್ಲ ನನಗ.” ಉಸಿರು ತೆಗೆದುಕೊಂಡಳು. “ನೀನೂ ಬಿಟ್ಟೀದಿ. ಒಣಾ ವಿಭೂತಿ ಹಚ್ಚತಿ, ಉಣ್ಣೂಮುಂದ ಗಂಗಾಳದಾಗ ಉದರ್ತೈತಿ. ನೋಡೇನಿ.”

ಗುರುಸಿದ್ದವ್ವ ತಲೆ ತಗ್ಗಿಸಿದಳು. ಇಷ್ಟು ದಿನ ಒಂದೇ ಸೂರಿನ ಕೆಳಗೆ ಇಬ್ಬರೂ ಒಬ್ಬರಿಗೊಬ್ಬರು ಮುಚ್ಚಿಟ್ಟುಕೊಂಡು ಒಣಗಿದ್ದರು.

ಪೂಜೆ ಮುಗಿಯಿತು. ಮುದಕವ್ವ ಬೆರಳು ಅದ್ದಿ ತೀರ್ಥ ತೆಗೆದುಕೊಂಡು, ಲಿಂಗವನ್ನು ಕೊರಳಿಗೆ ಸೇರಿಸಿದಳು. ಆಮೇಲೆ ತಾನೇ ತಂಬಿಗೆ ಎತ್ತಿ ಗಟಗಟನೆ ಕುಡಿದಳು. ಅರ್ಧ ಎದೆಯ ಮೇಲೇ ಹರಿಯಿತು. ಗುರುಸಿದ್ದವ್ವನ ಅಂಗೈಯಲ್ಲಿ ಇನ್ನೂ ಎರಡು ಗುಟುಕು ತೀರ್ಥ ಉಳಿದಿತ್ತು. ಅದು ನೆಲಕ್ಕೆ ಬೀಳಬಾರದು.

“ನನ್ನ ಪೂಜಿ ಆಗಿಲ್ರೀ.”

“ಕೈ ನಿಂದಽ ಇತ್ತಲ್ಲ. ಕುಡಿ.”

ಬಗ್ಗಿ ಕುಡಿದಳು. ಉಗುರುಬೆಚ್ಚಗಿನ ನೀರು, ವಿಭೂತಿಯ ಕಮಟು. ಏನೂ ಕಾಣಿಸಲಿಲ್ಲ, ಏನೂ ಕೇಳಿಸಲಿಲ್ಲ. ಗಂಟಲು ಮಾತ್ರ ಇನ್ನೂ ಬೇಕೆಂದಿತು. ತಂಬಿಗೆಯನ್ನು ಬಗ್ಗಿಸಿ ನೋಡಿದಳು, ಬರಿದಾಗಿತ್ತು. ಕೊಡ ಎತ್ತಿಕೊಂಡು ಆ ಉರಿಬಿಸಿಲಲ್ಲೇ ಬಾವಿಗೆ ಹೊರಟಳು.