ಬೂರುಗದ ಮೆತ್ತೆ

ತಮ್ಮನ ಹೆಂಡತಿ ಶಂಕರಮ್ಮ ಆರತಿ ತಟ್ಟೆಯನ್ನು ಕೈಗಿಟ್ಟು, "ಬೆಳಗಿ ಅತ್ಗೆ, ಮನೆ ಮಗಳು ನೀವೇ ಬೆಳಗ್ಬೇಕು" ಎಂದಳು. ಶಿವರತ್ನಮ್ಮ ತಟ್ಟೆ ಹಿಡಿದು ನಿಂತೇ ಇದ್ದಳು. ತಮ್ಮ ಷಡಕ್ಷರಿಯ ಕೌದಳ್ಳಿ ಮನೆಯ ಅಂಗಳದಲ್ಲಿ ಹೊಸ ಸಣ್ಣ ಟ್ರಾಕ್ಟರು. ಚಕ್ರದಡಿ ನಿಂಬೆಹಣ್ಣು, ಮೂತಿಗೆ ವಿಭೂತಿ. ಅದೆಲ್ಲ ಸರಿಯೇ. ಸೀಟಿನ ಮೇಲಿದ್ದ ಮೆತ್ತೆ ಮಾತ್ರ ಅವಳದು.

ಅಂಥದೇ ಇನ್ನೊಂದಲ್ಲ, ಅವಳದೇ. ಗಂಡನ ಗೆರೆಗೆರೆ ಅಂಗಿ ಹರಿದು, ಹೊಲದ ಬೂರುಗದ ಹತ್ತಿ ತುಂಬಿ, ಅಂಚಿಗೆ ತನ್ನ ನೀಲಿ ಸೀರೆಯ ಚೂರು ಕೊಟ್ಟು ಕೈಯಾರೆ ಹೊಲಿದದ್ದು.

ಒಡೆಯರಪಾಳ್ಯದಾಚೆ ಕಾಡಂಚಿನಲ್ಲಿ ಅವಳ ಗಂಡ ಪುಟ್ಟಮಲ್ಲಪ್ಪನಿಗೆ ಎಂಟೆಕರೆ. ಅರ್ಧ ಮರ, ಅರ್ಧ ಕಡಿದ ಮರಗಳ ಬೊಡ್ಡೆ. ಎತ್ತು ಕಟ್ಟಿ ದಿಮ್ಮಿ ಎಳೆಸುವಾಗ ಸರಪಳಿ ಕಿತ್ತು, ದಿಮ್ಮಿ ಉರುಳಿ ಅವನ ಎರಡೂ ಕಾಲು ಹೋದ ಮೇಲೆ ಬೇಸಾಯ ಅವಳ ತಲೆಗೆ ಬಂತು. ಅದಕ್ಕೂ ಮುಂಚೆ ಅವನು ಸರಕಾರದ ಸಹಾಯಧನದ ಟ್ರಾಕ್ಟರಿಗೆ ಹೆಸರು ಬರೆಸಿದ್ದ. ನಾಲ್ಕು ವರ್ಷ ಕಾದ ಮೇಲೆ ಈಗ ಸರದಿ ಬಂದಿತ್ತು. ಬೇಕಿದ್ದರೆ ಬದಲಿಗೆ ಟಿಲ್ಲರು ಆರಿಸಿಕೊಳ್ಳಬಹುದು ಎಂದು ಕಾಗದದಲ್ಲಿತ್ತು. ತನ್ನ ಗದ್ದೆಗೆ ಟಿಲ್ಲರು ಬರೆಸಿದ್ದ ಷಡಕ್ಷರಿಗೂ ಆಗಲೇ ಸರದಿ.

ಅಕ್ಕ ತಮ್ಮ ಕೂಡಿಯೇ ಕೊಳ್ಳೇಗಾಲಕ್ಕೆ ಹೋದರು. ಊರಾಚೆಯ ಮಾವಿನ ತೋಪಿನಲ್ಲಿ ಮಾರುವವರು ಎರಡನ್ನೂ ಓಡಿಸಿ ತೋರಿಸಿದರು. ಬೊಡ್ಡೆಗೆ ಸರಪಳಿ ಬಿಗಿದರೆ ಟಿಲ್ಲರು ನಿಂತಲ್ಲೇ ಕುಣಿಯಿತು. ಹಿಡಿ ಹಿಡಿದು ಹಿಂದೆ ನಡೆಯುತ್ತಿದ್ದ ಗಟ್ಟಿ ಆಳನ್ನೇ ಎರಡು ಸಲ ಎತ್ತಿ ಒಗೆಯಿತು. ಟ್ರಾಕ್ಟರು ಬೊಡ್ಡೆಯನ್ನು ಬೇರುಸಮೇತ ಎಳೆದುಕೊಂಡು ಬಂತು. ಶಿವರತ್ನಮ್ಮ ಸೆರಗು ಸಿಕ್ಕಿಸಿ ಹತ್ತಿ ಕುಳಿತಳು. ಎಡಗಾಲು ಕ್ಲಚ್ಚಿಗೆ ಎಟುಕಿತು.

"ಇದೇ ಆಗ್ಲಿ ಕಣ್ಲಾ. ಕುಂತ್ಕಂಡು ನಾನೇ ಓಡಿಸ್ತೀನಿ."

"ನೀನೇ ಓಡ್ಸಕ್ಕ" ಎಂದು ಷಡಕ್ಷರಿ ನಕ್ಕಿದ್ದ.

ಅವ್ವ ಸತ್ತಾಗಿನಿಂದ ಸೊಂಟದ ಮೇಲೆ ಹೊತ್ತು ಸಾಕಿದ ತಮ್ಮ. ಟ್ರಾಕ್ಟರಿಗೆ ಒಪ್ಪಿಗೆಯೆಂದು ಅವನು ಬರೆದು ತಂದ ಕಾಗದಕ್ಕೆ ಪುಟ್ಟಮಲ್ಲಪ್ಪ ಓದದೆ ರುಜು ಹಾಕಿದ. ತರುವ ದಿನ, "ಕಬ್ಬಿಣದ ಸೀಟು, ಇದ್ರ ಮ್ಯಾಲೆ ಕುಂತ್ಕಂಡು ಬಾ" ಎಂದು ಅವಳು ಮೆತ್ತೆ ಕೊಟ್ಟು ಕಳಿಸಿದಳು. ಸಂಜೆಗೆ ಬಂದದ್ದು ಟಿಲ್ಲರು.

"ಟ್ರಾಕ್ಟರು ಈ ಸಲ ಬರ್ನಿಲ್ವಂತೆ ಅಕ್ಕ. ಇದನ್ನೂ ಬುಟ್ರೆ ಸರದಿನೇ ಓಯ್ತದ ಅಂದ್ರು." ಮೆತ್ತೆ? ಟಿಲ್ಲರು ತಂದ ಲಾರಿಯಲ್ಲಿ ಮರೆತನಂತೆ. ಅವಳು ಮೆತ್ತೆಗಾಗಿ ಮರುಗಿದಳೇ ಹೊರತು ಮಾತನ್ನು ಅನುಮಾನಿಸಲಿಲ್ಲ.

ಈಗ ಷಡಕ್ಷರಿ ತೆಂಗಿನಕಾಯಿ ಹಿಡಿದು ಒಳಗಿನಿಂದ ಬಂದವನು ಅಕ್ಕನನ್ನು ಕಂಡು ಹೊಸ್ತಿಲಲ್ಲೇ ನಿಂತ. ತನ್ನ ಟಿಲ್ಲರನ್ನು ಅಕ್ಕನ ಹೊಲದಲ್ಲಿಳಿಸಿ, ಅಕ್ಕನ ಟ್ರಾಕ್ಟರನ್ನು ತನ್ನ ಅಂಗಳಕ್ಕೆ ತಂದವನು, ಪೂಜೆಗೆ ಅಕ್ಕನನ್ನು ಕರೆಯಬೇಡವೆಂದು ಹೆಂಡತಿಗೆ ಹೇಳುವುದನ್ನು ಮರೆತಿದ್ದ, ಪುಣ್ಯಾತ್ಮ!

"ಬರ್ನಿಲ್ಲ ಅಂದ್ಯಲ್ಲಪ್ಪ."

"ಅಕ್ಕ... ಬಾವನ ಕೈಲಾಗಲ್ಲ. ನೀ ಓಡಿಸ್ತೀನಿ ಅಂದದ್ದು ತಮಾಸೆಗೆ ಅನ್ಕಂಡಿದ್ದೆ. ಸುಮ್ನೆ ನಿಂತು ತುಕ್ಕು ಇಡಿಯೋ ಬದ್ಲು..."

"ಆ ಟಿಲ್ಲರು ಆಳ ಎತ್ತಿ ಒಗ್ದುದ್ದ ನೀನೂ ನೋಡ್ದಲ್ಲ. ನನ್ನೂ ಒಗೀಲಿ ಅಂತ್ಲೇ ತಂದ್ಕೊಟ್ಯಾ?"

ಅವನು ಕಾಯಿಯ ಜುಟ್ಟು ಕೀಳತೊಡಗಿದ. ಬೇರೆಯವರಾಗಿದ್ದರೆ ಬೈದು ಹಗುರಾಗುತ್ತಿದ್ದಳು. ಎತ್ತಾಡಿಸಿದ ಕೂಸಿಗೆ ಯಾವ ಬೈಗುಳ ಹುಡುಕುವುದು? ತಟ್ಟೆಯನ್ನು ಶಂಕರಮ್ಮನ ಕೈಗೇ ಕೊಟ್ಟು, ಸೀಟಿನ ಮೆತ್ತೆ ಎತ್ತಿಕೊಂಡು ಬಸ್ಸಿಗೆ ನಡೆದಳು.

ಮನೆ ಸೇರಿದಾಗ ಇನ್ನೂ ಬಿಸಿಲಿತ್ತು. "ಏನ್ ಇಸೇಸ ತಮ್ಮನ ಮನೇಲಿ?" ಜಗಲಿಯಿಂದ ಪುಟ್ಟಮಲ್ಲಪ್ಪ ಕೇಳಿದ.

"ಮೆತ್ತೆ ಸಿಕ್ತು" ಎಂದಳು.

ಹೊಂಗೆ ಮರದಡಿ ಟಿಲ್ಲರು ಉದ್ದನೆಯ ಎರಡು ಹಿಡಿ ಚಾಚಿ ನಿಂತಿತ್ತು. ಮೆತ್ತೆ ಹಿಡಿದು ಅದರ ಸುತ್ತ ಒಮ್ಮೆ ಬಂದಳು. ಅದನ್ನಿಡಲು ಅಲ್ಲಿ ಎಲ್ಲೂ ಜಾಗವಿರಲಿಲ್ಲ. ಹೊಲದ ನಡುವಿನ ಹುಣಸೆ ಬೊಡ್ಡೆಯ ಮೇಲೆ ಹಾಕಿಕೊಂಡು ಕುಳಿತಳು. ಎಡಗಾಲು ತಾನಾಗಿ ಮುಂದೆ ಚಾಚಿ ನೆಲವನ್ನು ಒತ್ತಿತು.